ಐಐಎಂನಲ್ಲಿ ಅರ್ಧ, ಎನ್‌ಐಟಿಯಲ್ಲಿ ಶೂನ್ಯ: ಪ್ರವೇಶದಲ್ಲಿ ಸಂದರ್ಶನದ ಪಾತ್ರವೆಷ್ಟು?

ಕ್ಯಾಟ್ ಪರೀಕ್ಷೆಯಲ್ಲಿ 99ಕ್ಕಿಂತ ಹೆಚ್ಚು ಪರ್ಸೆಂಟೈಲ್ ಬಂದರೂ ಐಐಎಂ ಅಹಮದಾಬಾದ್‌ನಲ್ಲಿ ಸೀಟು ಸಿಗದೇ ಹೋಗುವುದುಂಟು. ಅವರಿಗಿಂತ ಕಡಿಮೆ ಪರ್ಸೆಂಟೈಲ್ ಪಡೆದವರು ಆಯ್ಕೆಯಾಗುವುದೂ ಉಂಟು. ಇದಕ್ಕೆ ಮುಖ್ಯ ಕಾರಣ ಸಂದರ್ಶನ. ಅದೇ ಗುಜರಾತ್‌ನ ಸೂರತ್‌ನಲ್ಲಿ ಬಿ.ಟೆಕ್ ಸೇರುವವರಿಗೆ ಸಂದರ್ಶನವೇ ಇಲ್ಲ. ಸಂದರ್ಶನಕ್ಕೆ ಎಲ್ಲಿ ಎಷ್ಟು ಅಂಕ, ಅದಕ್ಕೆ ಮಿತಿ ಏನು ಎಂಬ ವಿವರ ಇಲ್ಲಿದೆ.

ಅಹಮದಾಬಾದ್: ಸಂದರ್ಶನಕ್ಕೆ ಶೇ 50

1961ರಲ್ಲಿ ಆರಂಭವಾದ ಐಐಎಂ ಅಹಮದಾಬಾದ್‌ನ ಎರಡು ವರ್ಷದ ಎಂಬಿಎ ಕೋರ್ಸ್‌ನಲ್ಲಿ ಇರುವುದು ಸುಮಾರು 400 ಸೀಟು. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. ಇಲ್ಲಿ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ.

ಮೊದಲ ಹಂತದಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸಲಾಗುತ್ತದೆ. ಇತ್ತೀಚಿನ ವರ್ಷಗಳ ನಿಯಮದಂತೆ ಇದಕ್ಕೆ ಕ್ಯಾಟ್ ಅಂಕ ಶೇ 65, 'ಅಪ್ಲಿಕೇಷನ್ ರೇಟಿಂಗ್' ಶೇ 35. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕ ಮತ್ತು ಕೆಲಸದ ಅನುಭವ ಈ ರೇಟಿಂಗ್‌ನಲ್ಲಿ ಸೇರುತ್ತವೆ.

ಎರಡನೇ ಹಂತದಲ್ಲಿ ಲೆಕ್ಕ ಬದಲಾಗುತ್ತದೆ. ಅಂತಿಮ ಅಂಕದಲ್ಲಿ ಸಂದರ್ಶನಕ್ಕೆ ಶೇ 50, ಕ್ಯಾಟ್‌ಗೆ ಶೇ 25, ಅಪ್ಲಿಕೇಷನ್ ರೇಟಿಂಗ್‌ಗೆ ಶೇ 15, ಬರವಣಿಗೆ ಪರೀಕ್ಷೆಗೆ ಶೇ 10. ಅಂದರೆ ಸಂದರ್ಶನದ ಕೊಠಡಿಯವರೆಗೆ ಕರೆತರುವುದು ಕ್ಯಾಟ್; ಅಲ್ಲಿಂದ ಮುಂದೆ ಅದರ ಪಾಲು ಕಾಲು ಭಾಗ ಮಾತ್ರ.

ಒಂದು ಉದಾಹರಣೆ: ಉಳಿದೆಲ್ಲದರಲ್ಲಿ ಸಮಾನರಾದ ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬರು ಕ್ಯಾಟ್‌ನಲ್ಲಿ ನೂರಕ್ಕೆ 10 ಅಂಕ ಮುಂದಿದ್ದಾರೆ ಎಂದುಕೊಳ್ಳಿ. ಅಂತಿಮ ಪಟ್ಟಿಯಲ್ಲಿ ಅವರಿಗೆ ಸಿಗುವ ಮುನ್ನಡೆ 2.5 ಅಂಕ. ಇನ್ನೊಬ್ಬರು ಸಂದರ್ಶನದಲ್ಲಿ ನೂರಕ್ಕೆ 10 ಅಂಕ ಮುಂದಿದ್ದರೆ ಅವರ ಮುನ್ನಡೆ 5 ಅಂಕ. ಸೀಟು ಸಿಗುವುದು ಎರಡನೆಯವರಿಗೆ.

ಎಸ್‌ಸಿ (ಶೇ 15), ಎಸ್‌ಟಿ (ಶೇ 7.5), ಒಬಿಸಿ (ಶೇ 27) ಮತ್ತು ಇಡಬ್ಲ್ಯೂಎಸ್ (ಶೇ 10) ಮೀಸಲಾತಿ ಇಲ್ಲೂ ಅನ್ವಯವಾಗುತ್ತದೆ.

ಅಹಮದಾಬಾದ್‌ನಲ್ಲೇ ಇರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಕೂಡ 1961ರಲ್ಲಿ ಶುರುವಾದದ್ದು. ಇದರ ಎಂ.ಡಿಸ್ ಕೋರ್ಸ್‌ಗೆ ಪ್ರಾಥಮಿಕ ಪರೀಕ್ಷೆಯ ನಂತರ ಸ್ಟುಡಿಯೊ ಪರೀಕ್ಷೆ ಮತ್ತು ಸಂದರ್ಶನ ಇರುತ್ತವೆ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ ಸೇರಲೂ ಇದೇ ದಾರಿ.

ವಡೋದರಾ: ಮಾತಿನ ಜತೆ ಕೃತಿಯೂ

ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಆರಂಭವಾಯಿತು. ಬೆಂಗಳೂರಿನ ಪುಷ್ಪಮಾಲಾ ಎನ್., ಮೈಸೂರಿನ ಎನ್.ಎಸ್. ಹರ್ಷ ಅವರಂಥ ಕಲಾವಿದರು ಓದಿದ ಸಂಸ್ಥೆ ಇದು. ಇಂಥ ಕಲಾ ಕೋರ್ಸ್‌ಗಳಲ್ಲಿ ಅಭ್ಯರ್ಥಿ ತಾನು ಮಾಡಿದ ಕೃತಿಗಳನ್ನು ಮುಂದಿಟ್ಟುಕೊಂಡು ಮಾತನಾಡುತ್ತಾನೆ. ಆದ್ದರಿಂದ ಇಂಗ್ಲಿಷ್ ಮಾತಿನ ಚುರುಕಿಗಿಂತ ಕೆಲಸದ ಹಿಂದಿನ ಯೋಚನೆ ಮುಖ್ಯವಾಗುತ್ತದೆ.

ಸೂರತ್: ರ‍್ಯಾಂಕ್ ಒಂದೇ ಆಧಾರ

ಸೂರತ್‌ನ ಸರ್ದಾರ್ ವಲ್ಲಭಭಾಯಿ ಎನ್‌ಐಟಿಯಲ್ಲಿ ಬಿ.ಟೆಕ್ ಸೀಟು ಹಂಚಿಕೆಯಾಗುವುದು ಜೆಇಇ ಮೇನ್ ರ‍್ಯಾಂಕ್ ಮೇಲೆ. ಸುರತ್ಕಲ್ ಎನ್‌ಐಟಿಕೆಗೂ ಇದೇ ನಿಯಮ. ಕರ್ನಾಟಕದ ಸಿಇಟಿ, ವೈದ್ಯಕೀಯ ಪ್ರವೇಶದ ನೀಟ್‌ನಲ್ಲೂ ಸಂದರ್ಶನವಿಲ್ಲ.

ಮೈಸೂರಿನಿಂದ ಆರಂಭವಾದ ಚರ್ಚೆ

ಮೊದಲು ಹೀಗಿರಲಿಲ್ಲ. ಅಂದಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜು ಸೇರಲು ಸಂದರ್ಶನ ಎದುರಿಸಬೇಕಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ಇದನ್ನು ಪ್ರಶ್ನಿಸಿದ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಬಹುಮತದ ತೀರ್ಪು ನೀಡಿ, ಸಂದರ್ಶನದ ಮೂಲಕ ಆಯ್ಕೆ ಮಾಡುವುದೇ ಸಂವಿಧಾನಬಾಹಿರವಲ್ಲ ಎಂದಿತು.

ಆದರೆ 1980ರ ನವೆಂಬರ್‌ನಲ್ಲಿ ಬಂದ ಅಜಯ್ ಹಾಸಿಯಾ ತೀರ್ಪು ಮಿತಿ ಹಾಕಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿತ್ತು. ಒಬ್ಬೊಬ್ಬರ ಸಂದರ್ಶನ ಎರಡು–ಮೂರು ನಿಮಿಷಕ್ಕೆ ಮುಗಿದಿತ್ತು. ತಂದೆ ತಾಯಿ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳನ್ನೇ ಕೇಳಲಾಗಿತ್ತು ಎಂಬುದು ದೂರು. ಇಂಥ ಪ್ರವೇಶದಲ್ಲಿ ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ಕ್ರಮ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಅವರು ಗುಜರಾತ್ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಸಂದರ್ಶನವನ್ನು ಟೇಪ್‌ನಲ್ಲಿ ದಾಖಲಿಸುವುದು ಒಳ್ಳೆಯದು ಎಂಬ ಸಲಹೆಯೂ ತೀರ್ಪಿನಲ್ಲಿದೆ.

1981ರಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಲೀಲಾಧರ್ ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ವ್ಯತ್ಯಾಸ ಗುರುತಿಸಿತು. ಕಾಲೇಜು ಸೇರುವ ಹುಡುಗ ಹುಡುಗಿಯರ ವ್ಯಕ್ತಿತ್ವ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಹಾಗಾಗಿ ಲಿಖಿತ ಪರೀಕ್ಷೆಗೆ ಹೆಚ್ಚು ಮಹತ್ವ ಇರಬೇಕು. ಪ್ರಬುದ್ಧ ವಯಸ್ಸಿನವರ ಆಯ್ಕೆಯಲ್ಲಿ ಸಂದರ್ಶನಕ್ಕೆ ಹೆಚ್ಚು ಅಂಕ ಇಡಬಹುದು ಎಂಬುದು ಅದರ ಸಾರ. ಪಿಯುಸಿ ನಂತರದ ಪ್ರವೇಶದಲ್ಲಿ ಸಂದರ್ಶನ ಕಡಿಮೆ, ಸ್ನಾತಕೋತ್ತರ ಹಂತದಲ್ಲಿ ಹೆಚ್ಚು ಕಾಣುವುದರ ಹಿಂದೆ ಇದೇ ಬಗೆಯ ತರ್ಕವಿದೆ.

ಆತಂಕ ಏನು?

ಸಂದರ್ಶನದಲ್ಲಿ ಅಭ್ಯರ್ಥಿಯ ಭಾಷೆ, ಉಚ್ಚಾರಣೆ, ಹಿನ್ನೆಲೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ದೆಹಲಿಯ ಜೆಎನ್‌ಯುನಲ್ಲಿ ಸಂದರ್ಶನದ ಅಂಕಗಳನ್ನು ಪರಿಶೀಲಿಸಿದ ಅಬ್ದುಲ್ ನಾಫೆ ಸಮಿತಿ, ಲಿಖಿತ ಪರೀಕ್ಷೆಗೂ ಸಂದರ್ಶನಕ್ಕೂ ಅಂಕಗಳಲ್ಲಿ ಕಂಡುಬಂದ ಅಂತರ ತಾರತಮ್ಯವನ್ನು ಸೂಚಿಸುತ್ತದೆ ಎಂದು 2016ರಲ್ಲಿ ಹೇಳಿ, ಸಂದರ್ಶನದ ಅಂಕವನ್ನು 30ರಿಂದ 15ಕ್ಕೆ ಇಳಿಸಲು ಶಿಫಾರಸು ಮಾಡಿತ್ತು. ಯುಜಿಸಿಯ 2022ರ ಪಿಎಚ್‌.ಡಿ ನಿಯಮಾವಳಿಯು ವಿ.ವಿ.ಗಳು ನಡೆಸುವ ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ಎಂದು ನಿಗದಿ ಮಾಡಿದೆ.

ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಮೊದಲೇ ನಿಗದಿಪಡಿಸಿದ ಮಾನದಂಡದಂತೆ ಅಂಕ ಕೊಡುವ ಸಂದರ್ಶನ ಹೆಚ್ಚು ನಂಬಲರ್ಹ ಎಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಅಂಶ.

ಅಭ್ಯರ್ಥಿಗಳು ಗಮನಿಸಬೇಕಾದದ್ದು

* ಅರ್ಜಿ ಹಾಕುವ ಮೊದಲು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಸಂದರ್ಶನಕ್ಕೆ ಎಷ್ಟು ಅಂಕ ಎಂದು ನೋಡಿ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಬಹುದು.
* ಸಂದರ್ಶನಕ್ಕೆ ಕರೆಯುವ ಲೆಕ್ಕ ಬೇರೆ, ಅಂತಿಮ ಆಯ್ಕೆಯ ಲೆಕ್ಕ ಬೇರೆ. ಎರಡನ್ನೂ ಓದಿ.
* ಪದವಿಯಲ್ಲಿ ಓದಿದ ವಿಷಯ, ಮಾಡಿದ ಕೆಲಸ, ಅರ್ಜಿಯಲ್ಲಿ ಬರೆದ ಪ್ರತಿ ಸಾಲಿನ ಬಗ್ಗೆಯೂ ಪ್ರಶ್ನೆ ಬರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದೇ ಮೇಲು.