ತಾಯಿ ಕಾರ್ಡಿನಲ್ಲಿ ಮುಚ್ಚಿಟ್ಟ ವಯಸ್ಸು: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹದಿಹರೆಯದ ಬಸುರಿಯರು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲಗಳಲ್ಲಿ ಹೆಸರು, ಕಡಲೆ, ಹತ್ತಿ, ಜೋಳ ಕೈಗೆ ಬಂದರೆ ಮನೆ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಕೂಲಿ ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಆಗ ಬೆಳೆದ ಮಗಳನ್ನು ಊರಲ್ಲಿ ಯಾರ ವಶಕ್ಕೆ ಬಿಡುವುದೆಂಬ ಚಿಂತೆ ಶುರುವಾಗುತ್ತದೆ. ಸೋದರಮಾವನೋ ಸೋದರತ್ತೆಯ ಮಗನೋ ಇದ್ದರೆ ಮಾತುಕತೆಗೆ ಹೆಚ್ಚು ದಿನ ಬೇಕಿಲ್ಲ. ಹತ್ತನೆಯ ತರಗತಿಯ ಪಾಠ ಅರ್ಧಕ್ಕೇ ನಿಲ್ಲುತ್ತದೆ. ವರ್ಷ ತುಂಬುವುದರೊಳಗೆ ಕುಬಸದ ಸಿದ್ಧತೆ ನಡೆದಿರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21.4 ಇತ್ತು. ಸಮೀಕ್ಷೆಯ ವೇಳೆಗೆ ತಾಯಿಯಾಗಿದ್ದ ಅಥವಾ ಬಸುರಿಯಾಗಿದ್ದ 15–19ರ ಹುಡುಗಿಯರ ಪ್ರಮಾಣ ಮಾತ್ರ ಶೇ 7.8ರಿಂದ 5.4ಕ್ಕೆ ಇಳಿಯಿತು. ಈ ಇಳಿಕೆ ನಿಜಕ್ಕೂ ಸಮಾಧಾನದ ಸಂಗತಿ. ಆದರೆ ಇನ್ನೂ ಉಳಿದಿರುವ ಆ ಶೇ 5.4ರಷ್ಟು ಹುಡುಗಿಯರಿಗೆ ಏನು ಬೇಕು ಎಂಬ ಪ್ರಶ್ನೆಯನ್ನು ನಮ್ಮ ಆಡಳಿತ ಸರಿಯಾಗಿ ಕೇಳಿಕೊಂಡಿಲ್ಲ. ಬಾಲ್ಯವಿವಾಹ ತಡೆಯುವುದಕ್ಕೆ ನಮ್ಮಲ್ಲಿ ಕಾನೂನಿದೆ, ಸಮಿತಿಗಳಿವೆ, 1098 ಸಹಾಯವಾಣಿಯಿದೆ. ತಡೆ ಸೋತ ಮರುದಿನದಿಂದ ಆ ಹುಡುಗಿಗೆಂದು ಇರುವ ವ್ಯವಸ್ಥೆ ತೀರಾ ತೆಳು.

ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15–19ರ ಹುಡುಗಿಯರು ವರ್ಷಕ್ಕೆ ಸುಮಾರು 2.1 ಕೋಟಿ ಸಲ ಗರ್ಭ ಧರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಸ್ಥಿತಿಯನ್ನು ಅಂದಾಜಿಸಿದೆ. ಇಪ್ಪತ್ತು ದಾಟಿದವರಿಗಿಂತ ಈ ವಯಸ್ಸಿನವರಲ್ಲಿ ಬಸುರಿನ ನಂಜು ಏರಿ ಫಿಟ್ಸ್ ಬರುವ, ಹೆರಿಗೆಯ ನಂತರ ಗರ್ಭಕೋಶಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ದಿನ ತುಂಬುವ ಮೊದಲೇ, ಕಡಿಮೆ ತೂಕದ ಕೂಸು ಹುಟ್ಟುವ ಸಂಭವವೂ ಹೆಚ್ಚು. ಆದ್ದರಿಂದ ವಯಸ್ಸೆಂಬುದು ವೈದ್ಯರಿಗೆ ರಕ್ತದೊತ್ತಡದಷ್ಟೇ ಮುಖ್ಯ ಮಾಹಿತಿ.

ಹುಡುಗಿಯ ಮನೆಯವರು ಮುಚ್ಚಿಡುವುದೂ ಅದನ್ನೇ. ಅದಕ್ಕೆ ಕಾರಣ ಕಾನೂನಿನೊಳಗೇ ಇದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ 18ರೊಳಗಿನ ಬಸುರಿ ಆಸ್ಪತ್ರೆಗೆ ಬಂದರೆ ವಿಷಯವನ್ನು ಪೊಲೀಸರಿಗೆ ತಿಳಿಸಲೇಬೇಕು. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್, 15ರಿಂದ 18ರ ನಡುವಿನ ಹೆಂಡತಿಯೊಂದಿಗಿನ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪಿತ್ತಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಹೇಳಿದೆ. ಹುಡುಗಿಯ ಘನತೆಯ ದೃಷ್ಟಿಯಿಂದ ಇವೆಲ್ಲ ಸರಿಯಾದ ಹೆಜ್ಜೆಗಳೇ. ಆದರೆ ಗಂಡ, ಮಾವ, ಅಪ್ಪ ಮೂವರೂ ಜೈಲಿಗೆ ಹೋದರೆ ದುಡಿದು ಹಾಕುವವರು ಯಾರೆಂಬ ಭಯ ಬಡ ಮನೆಯಲ್ಲಿ ನ್ಯಾಯದ ಮಾತಿಗಿಂತ ದೊಡ್ಡದು. ಹಾಗಾಗಿ ಹೆಸರು ನೋಂದಣಿ ತಡವಾಗುತ್ತದೆ, ತಾಯಿ ಕಾರ್ಡಿಗೆ ಹತ್ತೊಂಬತ್ತೆಂಬ ವಯಸ್ಸು ಹೋಗುತ್ತದೆ. ಆ ಒಂದು ಸುಳ್ಳಿನಿಂದ ಅವಳು ಹೆಚ್ಚಿನ ಅಪಾಯದ ಬಸುರಿಯರ ಪಟ್ಟಿಯಿಂದಲೇ ತಪ್ಪಿಹೋಗಬಹುದು. ಗರ್ಭಪಾತಕ್ಕೆ ಬರುವ ಅಪ್ರಾಪ್ತೆಯ ಗುರುತನ್ನು ವೈದ್ಯರು ಪೊಲೀಸರಿಗೆ ಬಹಿರಂಗಪಡಿಸಬೇಕಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಅದೇ ಸುಪ್ರೀಂ ಕೋರ್ಟ್ ಹೇಳಿತು. ಹೆರಲು ಬರುವ ಹುಡುಗಿಗೂ ಇಂಥದೇ ಒಂದು ಆಸರೆ ಬೇಕು.

ಯೋಜನೆಗಳಲ್ಲೂ ವಯಸ್ಸು ಅಡ್ಡ ಬರುತ್ತದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಮೊದಲ ಹೆರಿಗೆಯ 5,000 ರೂಪಾಯಿಗೆ ಈಗಿನ ಮಾರ್ಗಸೂಚಿಯಂತೆ ತಾಯಿಗೆ ಕನಿಷ್ಠ 18 ವರ್ಷ 7 ತಿಂಗಳಾಗಿರಬೇಕು. ಹಣ ಅತಿ ಹೆಚ್ಚು ಬೇಕಾದವಳನ್ನೇ ಈ ನಿಯಮ ಹೊರಗಿಡುತ್ತದೆ. ಜನನಿ ಸುರಕ್ಷಾ ಯೋಜನೆಯಲ್ಲೂ ಇಂಥದೇ ಷರತ್ತಿತ್ತು. 2013ರಲ್ಲಿ ಅದನ್ನು ಕೈಬಿಡಲಾಯಿತು. ಹಾಗೆ ಮಾಡಲು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದವಳಿಗೆ ಸಲ್ಲುತ್ತದೆ. ಕೂಡು ಕುಟುಂಬದಲ್ಲಿ ಅವಳು ಸಾಮಾನ್ಯವಾಗಿ ಅತ್ತೆ. ಚಿಕ್ಕ ಸೊಸೆಗೆ ನೇರವಾಗಿ ದಕ್ಕುವುದು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ. ಗಜೇಂದ್ರಗಡದಿಂದ ಗದಗಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 50 ಕಿ.ಮೀ. ಹೋಗಬೇಕಾದವಳಿಗೆ ಇದು ಸಣ್ಣ ಸಹಾಯವಲ್ಲ.

ಊಟದ ಮಾತು ಬೇರೆಯೇ. 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ವಿಸ್ತರಿಸಿದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಉದ್ದೇಶದ್ದು. ಮನೆಗೆ ಕೊಟ್ಟರೆ ಎಲ್ಲರೂ ಹಂಚಿಕೊಂಡು ಉಂಡುಬಿಡುತ್ತಾರೆ ಎಂಬ ಯೋಚನೆ ತಪ್ಪಲ್ಲ. ಆದರೆ ಈ ಭಾಗದಲ್ಲಿ ಹಸಿಬಾಣಂತಿ ಹೊಸ್ತಿಲು ದಾಟುವುದಿಲ್ಲ. ಮೊದಲ ಬಸುರಿನ ಹುಡುಗಿ ನಾಲ್ಕು ಜನರ ಎದುರು ಕೂತು ಉಣ್ಣಲು ನಾಚುತ್ತಾಳೆ. ಅಂಟಿನ ಉಂಡಿ ಕಟ್ಟುವಷ್ಟು ಕೊಬ್ಬರಿ, ತುಪ್ಪ ತವರಲ್ಲಿ ಇಲ್ಲದಿದ್ದರೆ ಅವಳ ಬಾಣಂತನ ಬರಿ ರೊಟ್ಟಿ, ಸಾರಿನಲ್ಲೇ ಮುಗಿಯುತ್ತದೆ.

ಸುತ್ತಮುತ್ತಲ ಜಿಲ್ಲೆಗಳ ಎರಡು ದೊಡ್ಡ ಪ್ರಯೋಗಗಳನ್ನು ಇಲ್ಲಿ ನೆನೆಯಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಪ್ರೌಢಶಾಲೆಯಲ್ಲಿ ಉಳಿಸಲು 2014ರಿಂದ 2017ರವರೆಗೆ ನಡೆದ ‘ಸಮತಾ’ ಅಧ್ಯಯನದಲ್ಲಿ, ಕಾರ್ಯಕ್ರಮ ಇದ್ದ ಊರಿಗೂ ಇಲ್ಲದ ಊರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸೇರಿ ನಡೆಸಿದ ‘ಕ್ಲಿಪ್’ ಪ್ರಯೋಗದಲ್ಲಿ ಬೆಳಗಾವಿ, ಬಾಗಲಕೋಟೆಯ ಆಶಾ ಕಾರ್ಯಕರ್ತೆಯರು ಬಸುರಿಯರ ಮನೆಗೇ ಹೋಗಿ ರಕ್ತದೊತ್ತಡ ಅಳೆದರು. ಒಟ್ಟಾರೆ ಫಲ ನಿರಾಶೆ ತಂದರೂ, ಈ ಪ್ರಯೋಗ ನಡೆದ ಭಾರತ, ಪಾಕಿಸ್ತಾನ, ಮೊಜಾಂಬಿಕ್‌ಗಳ ಮಾಹಿತಿ ಕೂಡಿಸಿದಾಗ ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕ ತಾಯಂದಿರಲ್ಲಿ ಸ್ಥಿತಿ ಉತ್ತಮವಾಗಿತ್ತು. ಒಮ್ಮೆ ಬಂದು ಹೋಗುವ ಸೇವೆಯಿಂದ ಹೆಚ್ಚು ಪ್ರಯೋಜನವಿಲ್ಲ. ಮತ್ತೆ ಮತ್ತೆ ಹೋಗಬೇಕು.

ಅತ್ತೆಮನೆ ಗಜೇಂದ್ರಗಡದಲ್ಲಿ, ತವರು ನರಗುಂದದಲ್ಲಿ ಇರುವ ಹುಡುಗಿಗೆ ಆ ಎಂಟು ಭೇಟಿ ಸಿಗಬೇಕಾದರೆ ಎರಡೂ ಊರಿನ ಆಶಾಗಳು ಪರಸ್ಪರ ಫೋನಿನಲ್ಲಿ ಮಾತಾಡಬೇಕು. ಹೆರಿಗೆಯ ನಂತರ ಶಾಲೆಯ ಮಾತೂ ಬರಬೇಕು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಬಯಸುವ ತಾಯಿಯ ಕೂಸನ್ನೂ ಸೇರಿಸಿಕೊಳ್ಳಬೇಕು. ಮಾತೃ ವಂದನಾ ಯೋಜನೆಯ ವಯಸ್ಸಿನ ಷರತ್ತನ್ನು ತೆಗೆಯುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಆ 5,000 ರೂಪಾಯಿಯನ್ನು ತನ್ನ ಬೊಕ್ಕಸದಿಂದಲೇ ಕೊಡಬೇಕು.