ಬರೆಯಿಸಿ ಕೊಡುವ ಹಬ್ಬ

ಕನ್ನಡಿಗರ ವರ್ಷದಲ್ಲಿ ಸಾಹಿತ್ಯದ ದಿನಗಳಿಗೆ ಬರವಿಲ್ಲ. ಜನವರಿ 31 ಬೇಂದ್ರೆಯವರ ಹುಟ್ಟುಹಬ್ಬ, ಏಪ್ರಿಲ್ 23 ವಿಶ್ವ ಪುಸ್ತಕ ದಿನ, ಆಗಸ್ಟ್ 12 ಎಸ್.ಆರ್. ರಂಗನಾಥನ್ ಹೆಸರಿನ ಗ್ರಂಥಪಾಲಕರ ದಿನ. ನವರಾತ್ರಿಗೆ ಸರಸ್ವತಿ ಪೂಜೆ, ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಮಾರಾಟ, ನವೆಂಬರ್ 14ರಿಂದ ಗ್ರಂಥಾಲಯ ಸಪ್ತಾಹ, ಡಿಸೆಂಬರ್ 29ಕ್ಕೆ ಕುವೆಂಪು ಜಯಂತಿ. ನಡುನಡುವೆ ಸರ್ವಜ್ಞ, ಕನಕ, ವಾಲ್ಮೀಕಿ ಜಯಂತಿಗಳು. ಎಲ್ಲಕ್ಕೂ ಕಲಶವಿಟ್ಟಂತೆ ಸಾಹಿತ್ಯ ಸಮ್ಮೇಳನ. ಈ ಪಟ್ಟಿಯ ಹೆಚ್ಚಿನ ದಿನಗಳು ಬರೆದವರ ಹುಟ್ಟುಹಬ್ಬಗಳು. ಹಾರ, ಭಾವಚಿತ್ರ, ಭಾಷಣ ಇದ್ದರೆ ಸಾಕು, ಅವು ಸಾಂಗವಾಗಿ ಮುಗಿಯುತ್ತವೆ. ಆ ಕವಿಯ ಒಂದು ಪುಸ್ತಕವೂ ವೇದಿಕೆಯ ಮೇಲೆ ಇರಬೇಕಾದ ಅಗತ್ಯ ಬೀಳುವುದಿಲ್ಲ. ಇದೇ ನೆಲದಲ್ಲಿ ಹಳೆಯದಾದ ಇನ್ನೊಂದು ದಿನವಿದೆ. ಜ್ಯೇಷ್ಠ ಶುದ್ಧ ಪಂಚಮಿ, ದಿಗಂಬರ ಜೈನರ ಶ್ರುತಪಂಚಮಿ. ಅಂದು ಯಾವ ಕವಿಯೂ ಹುಟ್ಟಲಿಲ್ಲ, ಒಂದು ಗ್ರಂಥ ಬರೆದು ಮುಗಿಯಿತು. ಆ ಹಬ್ಬ ಕರ್ನಾಟಕದಲ್ಲಿ ಬೆಳೆದ ಬಗೆಯನ್ನೂ ಒಂದು ಹಂತದಲ್ಲಿ ಬತ್ತಿದ ಬಗೆಯನ್ನೂ ನೋಡಿದರೆ, ಪುಸ್ತಕದ ಹಬ್ಬವನ್ನು ಅಳೆಯುವ ಅಳತೆಗೋಲು ಸಿಗುತ್ತದೆ: ಆ ದಿನದ ನೆಪದಲ್ಲಿ ಪುಸ್ತಕಕ್ಕೆ ಯಾವ ಕೆಲಸ ನಡೆಯಿತು?

ಹಬ್ಬದ ಹಿಂದಿನ ಕಥೆಯಲ್ಲೇ ಕೆಲಸದ ಮಾತಿದೆ. ಮಹಾವೀರನ ಉಪದೇಶ ಶತಮಾನಗಳ ಕಾಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬಂದು, ಪ್ರತಿ ತಲೆಮಾರಿನಲ್ಲೂ ಒಂದಷ್ಟು ಸೋರಿಹೋಯಿತು. ಉಳಿದಷ್ಟನ್ನು ಬಲ್ಲ ಧರಸೇನಾಚಾರ್ಯರು ಗಿರಿನಾರದ ಗುಹೆಯಲ್ಲಿದ್ದರು. ತಮ್ಮೊಂದಿಗೆ ಇದೂ ಅಳಿದೀತೆಂಬ ಅಂಜಿಕೆಯಿಂದ ದಕ್ಷಿಣದ ಮುನಿಸಂಘಕ್ಕೆ ಹೇಳಿಕಳಿಸಿ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರನ್ನು ಕರೆಸಿಕೊಂಡು ಪಾಠ ಹೇಳಿದರು. ಪಾಠ ಮುಗಿದ ಮೇಲೆ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಕಡೆಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರು. ಭೂತಬಲಿಗಳು ತಮಿಳು ದೇಶದಲ್ಲಿ ಉಳಿದ ಭಾಗವನ್ನು ಪೂರೈಸಿದರು. ಹೀಗೆ ಆದದ್ದು ಷಟ್ಖಂಡಾಗಮ. ಅದನ್ನು ಪುಸ್ತಕರೂಪಕ್ಕೆ ತಂದು ಸಂಘವೆಲ್ಲ ಸೇರಿ ಪೂಜಿಸಿದ ದಿನವೇ ಶ್ರುತಪಂಚಮಿ ಎಂದು ಇಂದ್ರನಂದಿಯ ಶ್ರುತಾವತಾರ ಹೇಳುತ್ತದೆ. ಇದು ಪರಂಪರೆ ಕಟ್ಟಿಕೊಂಡ ಕಥನ. ಪ್ರತಿ ವಿವರಕ್ಕೂ ಶಾಸನದ ಆಧಾರ ಕೇಳಲಾಗದು. ಆದರೆ ಒಂದು ಸಮುದಾಯ ತನ್ನ ನೆನಪಿನಲ್ಲಿ ಯಾವ ಘಳಿಗೆಯನ್ನು ಹಬ್ಬವಾಗಿಸಿಕೊಂಡಿತು ಎಂಬುದು ಮುಖ್ಯ. ಬಾಯಿಪಾಠವನ್ನು ನೆಚ್ಚಿ ಕೂರುವ ಕಾಲ ಮುಗಿಯಿತೆಂದು ಒಪ್ಪಿ, ಓಲೆಗೆ ಇಳಿಸಿದ ಘಳಿಗೆ ಅದು.

ಕಥೆಯಿಂದ ಚರಿತ್ರೆಗೆ ಬಂದರೆ ಸಾಕ್ಷಿ ಇನ್ನೂ ಗಟ್ಟಿಯಾಗಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ 816ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ಮುಗಿಯಿತು. ಅದರ ಹಳಗನ್ನಡ ಲಿಪಿಯ ತಾಳೆಯೋಲೆಗಳು ಮೂಡಬಿದಿರೆಯಲ್ಲಿವೆ. ಆ ಓಲೆಗಳಲ್ಲಿರುವ ಕನ್ನಡ ಪ್ರಶಸ್ತಿಯೊಂದು ಪುಸ್ತಕ ಹುಟ್ಟಿದ ಸಂದರ್ಭವನ್ನು ತಿಳಿಸುತ್ತದೆ: ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿಯ ಅತ್ತೆ ದೇಮಿಯಕ್ಕ ಶ್ರುತಪಂಚಮಿಯ ನೋಂಪಿ (ವ್ರತ) ನೋಂತು, ಅದರ ಉದ್ಯಾಪನೆಗೆಂದು ಧವಲಾ ಪುಸ್ತಕವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಶುಭಚಂದ್ರರು 1123ರಲ್ಲಿ ದೇಹ ಬಿಟ್ಟದ್ದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದರಿಂದ, ಈ ದಾನ ಅದಕ್ಕಿಂತ ಹಿಂದಿನದು. ಅದೇ ಆಗಮದ ಕೊನೆಯ ಖಂಡವಾದ ಮಹಾಬಂಧದ ಪ್ರತಿಯಲ್ಲಿಯೂ ಇಂಥದೇ ಮಾತಿದೆ. ಮಲ್ಲಿಕಬ್ಬೆ ಎಂಬಾಕೆ ಪಂಚಮಿಯ ವ್ರತ ಮುಗಿಸಿದಾಗ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಇಬ್ಬರೂ ಹೆಂಗಸರು, ಎರಡೂ ಕಡೆ ನೋಂಪಿ, ಎರಡೂ ಕಡೆ ಅದರ ಕೊನೆಗೆ ಕೈಗೆ ಬಂದದ್ದು ಒಂದು ಹೊಸ ಪ್ರತಿ. ಹಬ್ಬ ಇಲ್ಲಿ ಇರುವ ಪುಸ್ತಕಕ್ಕೆ ಹೂವೇರಿಸಿ ಸುಮ್ಮನಾಗಲಿಲ್ಲ. ಇಲ್ಲದ ಪ್ರತಿಯನ್ನು ಹುಟ್ಟಿಸಿತು.

ಆ ಕೆಲಸದ ತೂಕ ಎಷ್ಟೆಂದು ತಿಳಿಯಲು ಲಿಪಿಕಾರರ ಲೆಕ್ಕಕ್ಕೇ ಹೋಗಬೇಕು. 32 ಅಕ್ಷರಗಳಿಗೆ ಒಂದು ‘ಗ್ರಂಥ’ ಎಂಬುದು ಅವರ ಎಣಿಕೆ. ಧವಲಾ ಟೀಕೆಯ ಪ್ರಮಾಣ 72,000 ಗ್ರಂಥ. ಅಂದರೆ ಸುಮಾರು 23 ಲಕ್ಷ ಅಕ್ಷರ. ಗರಿ ಕೊಯ್ದು, ಬೇಯಿಸಿ, ಒಣಗಿಸಿ, ಸಮನಾಗಿ ಕತ್ತರಿಸಿ ಹದಗೊಳಿಸಿದ ಓಲೆಗಳ ಮೇಲೆ ಇಷ್ಟನ್ನೂ ತಪ್ಪಿಲ್ಲದೆ ಇಳಿಸಬೇಕು. ಸಾಮಾನ್ಯವಾಗಿ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ತೀಡುತ್ತಿದ್ದರು. ಮೂಡಬಿದಿರೆಯ ಈ ಓಲೆಗಳು ಶಾಯಿಯಲ್ಲಿ ಬರೆದವು, ಕೆಲವದರಲ್ಲಿ ಬಣ್ಣದ ಚಿತ್ರಗಳೂ ಇವೆ. ಇಂಥ ಖರ್ಚನ್ನು ಯಾರು, ಯಾವ ಕಾರಣಕ್ಕೆ ಹೊರಬೇಕು? ಮಾರುಕಟ್ಟೆ ಹೊರುತ್ತಿರಲಿಲ್ಲ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಧರ್ಮ, ಆ ದಾನಕ್ಕೊಂದು ತಿಥಿಯನ್ನೂ ನೋಂಪಿಯನ್ನೂ ಗೊತ್ತುಮಾಡಿ ಹಣವಂತರ ಮನೆಯಿಂದ ಲಿಪಿಕಾರನ ಕೈಗೆ ದಾರಿ ಮಾಡಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಇದೇ ಶಾಸ್ತ್ರದಾನದ ಅತಿ ದೊಡ್ಡ ರೂಪ. ತಿಥಿಯ ಆಯ್ಕೆಯಲ್ಲೂ ಒಂದು ಹದವಿದೆ. ಜ್ಯೇಷ್ಠದ ಪಂಚಮಿ ಬರುವುದು ಮಳೆಗಾಲದ ಹೊಸ್ತಿಲಲ್ಲಿ. ಕಟ್ಟುಗಳನ್ನು ಬಿಚ್ಚಿ, ದೂಳು ಕೊಡವಿ, ಹುಳು ಹಿಡಿದಿದೆಯೇ ನೋಡಿ, ಹೊಸ ಬಟ್ಟೆ ಸುತ್ತಿ ಮತ್ತೆ ಕಟ್ಟುವುದು ಅಂದಿನ ಪೂಜೆಯ ಭಾಗ. ಶ್ವೇತಾಂಬರರ ಜ್ಞಾನಪಂಚಮಿ ಮಳೆ ನಿಂತ ಮೇಲೆ ಕಾರ್ತಿಕದಲ್ಲಿ ಬರುತ್ತದೆ. ಅಲ್ಲಿಯೂ ಭಂಡಾರದ ಬಾಗಿಲು ತೆರೆದು ಗ್ರಂಥಗಳಿಗೆ ಗಾಳಿ ಕೊಡುತ್ತಾರೆ. ಎರಡು ಪಂಥಗಳ ಎರಡು ದಿನಗಳು ಮಳೆಗಾಲದ ಎರಡು ಬದಿಯಲ್ಲಿ ನಿಂತಿವೆ. ತಿಥಿಗಳು ಇದಕ್ಕೆಂದೇ ಗೊತ್ತಾದವೆಂದು ಹೇಳಬೇಕಾಗಿಲ್ಲ. ಆಚರಣೆ ಓಲೆಯ ಆಯುಷ್ಯಕ್ಕೆ ಒದಗಿಬಂತು ಎಂದರೆ ಸಾಕು.

ಇದಕ್ಕೆ ಮೊದಲ ಆಕ್ಷೇಪ ಎದುರಿಗೇ ಇದೆ. ದೇಮಿಯಕ್ಕ ಬರೆಯಿಸಿದ್ದು ಪುಣ್ಯಕ್ಕಾಗಿ, ಓದಿಗಾಗಿ ಅಲ್ಲ. ತಾನು ಓದಲಾರದ ಪ್ರಾಕೃತ–ಸಂಸ್ಕೃತಗಳ ಸಿದ್ಧಾಂತ ಗ್ರಂಥವನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಪುಸ್ತಕಪ್ರೀತಿ ಹೇಗಾದೀತು ಎಂದು ಕೇಳಬಹುದು. ಆಕೆ ಓದಬಲ್ಲಳೋ ಇಲ್ಲವೋ ಎಂಬುದನ್ನು ನಾವೇ ತೀರ್ಮಾನಿಸಿಬಿಡುವುದು ಅವಸರವಾದೀತು. ಪುಣ್ಯದ ಆಸೆಯೇ ಮೂಲವೆಂದು ಒಪ್ಪಿದರೂ ವಾದ ಕುಸಿಯುವುದಿಲ್ಲ. ದಾನ ಪಡೆದವರು ಸಿದ್ಧಾಂತವನ್ನು ಪಾಠ ಹೇಳುವ ವಿದ್ವಾಂಸ ಮುನಿ. ಪುಸ್ತಕ ಸೇರಬೇಕಾದ ಕೈಗೇ ಸೇರಿತು. ಇನ್ನೊಂದು ಮಾತನ್ನೂ ಮರೆಯಬಾರದು. ಉತ್ತರ ಭಾರತದಲ್ಲಿ ಧವಲಾ ಪೂರ್ತಿ ಕಳೆದುಹೋಗಿತ್ತು. ಅದರ ಹೆಸರು, ಅಲ್ಲೊಂದು ಇಲ್ಲೊಂದು ಉಲ್ಲೇಖ ಬಿಟ್ಟರೆ ಪಾಠವೇ ಇರಲಿಲ್ಲ. ಇಂದು ಅದು ನಮಗೆ ಸಿಕ್ಕಿರುವುದು ಕನ್ನಡ ನಾಡಿನ ಈ ಓಲೆಗಳಿಂದ. ಕಟ್ಟುವವರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕಿಂತ ಕಟ್ಟಿದ್ದು ಎಷ್ಟು ಕಾಲ ನಿಂತಿತು ಎಂಬುದೇ ಇಲ್ಲಿ ಪ್ರಮಾಣ.

ಎರಡನೆಯ ಆಕ್ಷೇಪ ಇನ್ನೂ ಮೊನಚಾದದ್ದು. ಅದಕ್ಕೂ ಸಾಕ್ಷಿ ಮೂಡಬಿದಿರೆಯೇ. ಭಕ್ತಿ ಹೆಚ್ಚಿದಲ್ಲಿ ಪುಸ್ತಕ ದೇವರಾಗುತ್ತದೆ, ದೇವರಾದದ್ದನ್ನು ಯಾರೂ ಓದುವುದಿಲ್ಲ. ಬಸದಿಗೆ ಸೇರಿದ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಯಾತ್ರಿಕರ ದರ್ಶನದ ವಸ್ತುಗಳಾಗಿ ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಶ್ರೇಷ್ಠಿಗಳು ಪ್ರತಿ ಮಾಡಿಸಲು ಮುಂದಾದಾಗ, ಮನವೊಲಿಸುವುದಕ್ಕೇ ವರ್ಷಗಳು ಹಿಡಿದವು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಗಜಪತಿ ಶಾಸ್ತ್ರಿಗಳು ಕೆಲಸ ಆರಂಭಿಸಿದರು. ಪ್ರತಿಗಳು ಊರಿನ ಹೊರಗೆ ಹೋಗಬಾರದೆಂಬುದು ಕಟ್ಟಳೆ. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧಪಡಿಸಿದರು. ಅದು ಸಹಾರನ್‌ಪುರಕ್ಕೆ ಹೋಯಿತು. ಅದರಿಂದ ನಾಗರಿ ಪ್ರತಿಗಳಾಗಿ ಹರಡಿತು. ಅವುಗಳ ಆಧಾರದ ಮೇಲೆ ಹೀರಾಲಾಲ್ ಜೈನ್ ಅಮರಾವತಿಯಿಂದ 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ನಮ್ಮ ಸದಲಗದ ಆ.ನೇ. ಉಪಾಧ್ಯೆಯವರ ಸಹಕಾರವೂ ಸೇರಿ ಮುಂದಿನ ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳಾದವು. ಗೃಹಸ್ಥರು ಸಿದ್ಧಾಂತ ಓದಬಾರದೆಂಬ ವಿರೋಧ ಆಗಲೂ ಇತ್ತು.

ಹಾಗಾದರೆ ಹಬ್ಬ ಪುಸ್ತಕವನ್ನು ಸೆರೆಯಲ್ಲಿಟ್ಟಿತೇ? ಬೀಗ ಹಾಕಿದ್ದರಿಂದಲೇ ಕಳ್ಳತನ, ಕೈತಪ್ಪುಗಳಿಂದ ಓಲೆಗಳು ಉಳಿದವು ಎಂಬ ಸಮಾಧಾನದಲ್ಲಿ ಒಂದಂಶ ಸತ್ಯವಿದೆ. ಆದರೆ ಅದೊಂದನ್ನೇ ನೆಚ್ಚಿದರೆ ವಾದ ಸೋಮಾರಿಯಾಗುತ್ತದೆ. ದೇಮಿಯಕ್ಕನ ಕಾಲದ ಪಂಚಮಿಗೂ ಬೀಗದ ಕಾಲದ ಪಂಚಮಿಗೂ ಪೂಜೆ ಒಂದೇ, ತಿಥಿ ಒಂದೇ, ಭಕ್ತಿಯೂ ಅಷ್ಟೇ. ಬಿಟ್ಟುಹೋದದ್ದು ಬರೆಯಿಸಿ ಕೊಡುವ ಕೆಲಸ. ಆ ಕೆಲಸ ಇದ್ದಾಗ ಅದೇ ಭಕ್ತಿ ಪ್ರತಿಗಳನ್ನು ಹೆಚ್ಚಿಸಿತು; ಇಲ್ಲದಾದಾಗ ಪ್ರತಿಯೇ ಅಪಚಾರವೆನಿಸಿತು. ಬಾಗಿಲು ತೆರೆಸಿದವರೂ ಶ್ರದ್ಧೆ ಕಳೆದುಕೊಂಡವರಲ್ಲ. ಹಣ ಕೊಟ್ಟವರು, ಕೂತು ಬರೆದವರು ಎಲ್ಲರೂ ಶ್ರಾವಕರು. ಹಳೆಯ ಶಾಸ್ತ್ರದಾನವನ್ನೇ ಅಚ್ಚಿನ ಕಾಲಕ್ಕೆ ಮುಂದುವರಿಸಿದರು. ಮೊದಲ ಸಂಪುಟಗಳು ಹೊರಬಂದ ಮೇಲೆ ಮೂಡಬಿದಿರೆಯೇ ಮೂಲದೊಡನೆ ತಾಳೆ ನೋಡಲು ಅವಕಾಶ ಕೊಟ್ಟಿತು. ನವರಾತ್ರಿಯಲ್ಲಿ ಪುಸ್ತಕವನ್ನು ಪೂಜೆಗಿಟ್ಟು ಓದದೆ ಬಿಡುವ ರೂಢಿಯನ್ನು ಹಲವರು ಟೀಕಿಸುತ್ತಾರಲ್ಲ, ಅದಕ್ಕೂ ಇದೇ ಉತ್ತರ ಸಲ್ಲುತ್ತದೆ. ವಿಜಯದಶಮಿಯಂದು ಮಗುವಿನ ಕೈಹಿಡಿದು ಅಕ್ಕಿಯಲ್ಲಿ ಅಕ್ಷರ ತಿದ್ದಿಸುವ ಕೆಲಸ ಅದರೊಡನೆ ಇರುವವರೆಗೆ ಆ ವಿರಾಮಕ್ಕೆ ಅರ್ಥವಿದೆ.

ಹೊಸ ದಿನಗಳನ್ನೂ ಇದೇ ಅಳತೆಯಿಂದ ನೋಡಬಹುದು. ಏಪ್ರಿಲ್ 23ರ ಬೇರು ಇರುವುದು ಸ್ಪೇನಿನ ಕ್ಯಾಟಲೋನಿಯಾದಲ್ಲಿ. ಅಲ್ಲಿ ಪ್ರಕಾಶಕ ವಿಸೆಂಟ್ ಕ್ಲಾವೆಲ್ ಸೂಚನೆಯಂತೆ 1926ರಲ್ಲಿ ಪುಸ್ತಕ ದಿನ ಶುರುವಾಗಿ, 1930ರಲ್ಲಿ ಸಂತ ಜಾರ್ಜ್‌ನ ಹಬ್ಬದ ದಿನಕ್ಕೆ ಬಂದು ಸೇರಿತು. ಯುನೆಸ್ಕೊ ಅದನ್ನು ಜಗತ್ತಿಗೆ ಹಂಚಿದ್ದು 1995ರಲ್ಲಿ. ಬಾರ್ಸಿಲೋನಾದ ಬೀದಿಗಳಲ್ಲಿ ಅದು ಗಟ್ಟಿಯಾಗಿ ನಿಂತಿರುವುದು ಅಂದು ಜನ ಒಬ್ಬರಿಗೊಬ್ಬರು ಗುಲಾಬಿಯ ಜೊತೆ ಪುಸ್ತಕ ಕೊಂಡು ಕೊಡುವುದರಿಂದ. ನಾವು ತಾರೀಖನ್ನು ತಂದುಕೊಂಡೆವು, ಕೊಂಡು ಕೊಡುವ ವಾಡಿಕೆಯನ್ನು ಅಷ್ಟಾಗಿ ತರಲಿಲ್ಲ. 1915ರ ಮೇ ತಿಂಗಳಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಸೇರಿದ ಮೊದಲ ಸಮ್ಮೇಳನದ ನೆನಪು ಬೇರೆ ಬಗೆಯದು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಕೂಡಿ, ಎದ್ದು ಹೋಗುವ ಮುನ್ನ ಸಾಹಿತ್ಯ ಪರಿಷತ್ತನ್ನು ಹುಟ್ಟಿಸಿದರು. ಆ ಪರಿಷತ್ತಿನ ಕೈಯಲ್ಲಿ ಮುಂದೆ ಎಂಟು ಸಂಪುಟಗಳ ನಿಘಂಟು ಆಯಿತು. ಸಮ್ಮೇಳನಗಳ ಊಟದ ಸಾಲು, ಗೋಷ್ಠಿಗಳ ಗದ್ದಲ ಕುರಿತು ಎಷ್ಟು ಬೇಕಾದರೂ ವಾದಿಸಬಹುದು. ಆದರೆ ಒಂದು ಕಾಲದಲ್ಲಿ ಅವು ಏನನ್ನು ಉಳಿಸಿಹೋದವು ಎಂಬುದು ಕಪಾಟಿನಲ್ಲಿ ಕಾಣುತ್ತದೆ.

ಕೊನೆಯ ಆಕ್ಷೇಪ: ಅಚ್ಚು ಬಂದ ಮೇಲೆ ಪ್ರತಿ ಮಾಡುವ ಕೆಲಸವೇ ಉಳಿದಿಲ್ಲ, ಹಳೆಯ ಹಬ್ಬದಿಂದ ಹೊಸ ಕಾಲ ಕಲಿಯುವುದೇನು? ಪುಸ್ತಕಕ್ಕೆ ಅಳಿವಿನ ಭಯ ಹೋಗಿಲ್ಲ, ಅದರ ರೂಪ ಬದಲಾಗಿದೆ. ಮರುಮುದ್ರಣ ಕಾಣದ ಪುಸ್ತಕ, ಪಟ್ಟಿಗೆ ಸೇರದ ಓಲೆಯ ಕಟ್ಟು, ಪುಸ್ತಕ ಕೊಂಡು ಕೊಡುವವರಿಲ್ಲದ ಹಳ್ಳಿಯ ಗ್ರಂಥಾಲಯ ಇವೆಲ್ಲ ಇವತ್ತಿನ ಗೆದ್ದಲುಗಳು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ಓಲೆಗ್ರಂಥಗಳ ಸೂಚಿ ಮಾಡಿ 1948ರಲ್ಲಿ ಪ್ರಕಟಿಸಿದ್ದು, ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ ಧವಲಾದಿಗಳ ಕನ್ನಡ ಅನುವಾದದ ಸಂಪುಟಗಳನ್ನು ತಂದದ್ದು ಹಳೆಯ ನೋಂಪಿಯ ಹೊಸ ಉದ್ಯಾಪನೆಗಳೇ. ಬೇಂದ್ರೆಯ ದಿನಕ್ಕೆ ಅಂಗಡಿಯಲ್ಲಿ ಸಿಗದ ಒಂದು ಸಂಕಲನ ಮರಳಿ ಅಚ್ಚಾಗಲಿ. ಗ್ರಂಥಾಲಯ ಸಪ್ತಾಹಕ್ಕೆ ಒಂದು ಊರಿನ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಬೀಳಲಿ. ರಾಜ್ಯೋತ್ಸವಕ್ಕೆ ಪ್ರತಿ ಸಂಘ ತನ್ನ ಶಾಲೆಗೆ ಹತ್ತು ಪುಸ್ತಕ ಕೊಂಡು ಕೊಡಲಿ. ಇದಕ್ಕೆ ಹೊಸ ದಿನಾಚರಣೆ ಬೇಡ. ಇರುವ ದಿನಗಳ ಲೆಕ್ಕಪತ್ರದಲ್ಲಿ ಹಾರ, ಶಾಮಿಯಾನಗಳ ಸಾಲಿನ ಕೆಳಗೆ ಪುಸ್ತಕಕ್ಕೆಂದು ಒಂದು ಸಾಲು ಸೇರಿದರೆ ಆಯಿತು.