ಶಿರಾ ಸುಬಾ

ಶಿರಾ ಸುಬಾ ಮೊಘಲ್ ಸಾಮ್ರಾಜ್ಯವು 1687ರಲ್ಲಿ ದಕ್ಷಿಣದಲ್ಲಿ ಸ್ಥಾಪಿಸಿದ ಪ್ರಾಂತ್ಯ ಹಾಗೂ ಸೇನಾನೆಲೆ. ಇದರ ರಾಜಧಾನಿಯಾದ ಶಿರಾ (ಸಿರಾ) ಇಂದಿನ ತುಮಕೂರು ಜಿಲ್ಲೆಯಲ್ಲಿದೆ. ಈ ಪ್ರಾಂತ್ಯವನ್ನು ಕರ್ನಾಟಕ ಬಾಲಾಘಾಟ್ ಎಂದೂ ಕರೆಯಲಾಗುತ್ತಿತ್ತು. ದೆಹಲಿಯಿಂದ ಬಹುದೂರದಲ್ಲಿದ್ದ ಈ ನೆಲೆಯು ಸುಮಾರು ಎಪ್ಪತ್ತು ವರ್ಷಗಳ ಕಾಲ ಮೊಘಲರ ಹೆಸರಿನಲ್ಲಿ ಮುಂದುವರಿಯಿತು.

ಹಿನ್ನೆಲೆ

1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಶಿರಾವನ್ನು ವಶಪಡಿಸಿಕೊಂಡನು. ಅನಂತರ ಬಿಜಾಪುರದ ಪರವಾಗಿ ಇಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿಯನ್ನು 1651ರಲ್ಲಿ ಕಟ್ಟಲಾಯಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ ಮೇಲೆ ಅದರ ದಕ್ಷಿಣದ ಪ್ರದೇಶಗಳು ಮೊಘಲರಿಗೆ ಸೇರಿದವು. ಇವುಗಳ ಆಡಳಿತಕ್ಕೆ ಖಾಸಿಂ ಖಾನನು ನೇಮಕಗೊಂಡನು. ಅವನು 1687ರಲ್ಲಿ ಬೆಂಗಳೂರನ್ನು ವಶಪಡಿಸಿಕೊಂಡು, ಮೂರು ಲಕ್ಷ ರೂಪಾಯಿಗಳಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟನು.

ಆಡಳಿತ

ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ ಎಂಬ ಏಳು ಪರಗಣಗಳು ಸುಬೇದಾರನ ನೇರ ಆಳ್ವಿಕೆಯಲ್ಲಿದ್ದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಮುಂತಾದ ಸಂಸ್ಥಾನಗಳು ಪೇಷ್ಕಷ್ ಎಂಬ ಕಪ್ಪವನ್ನು ಸಲ್ಲಿಸಬೇಕಾಗಿತ್ತು. ಕಪ್ಪವನ್ನು ವಸೂಲು ಮಾಡುವುದಕ್ಕೆ ಸೈನ್ಯದ ಭಯವೇ ಆಧಾರವಾಗಿತ್ತು. ಸೈನ್ಯ ದುರ್ಬಲಗೊಂಡಾಗ ವಸೂಲಿಯೂ ಕುಂಠಿತವಾಗುತ್ತಿತ್ತು.

ದೂರದ ಸೈನ್ಯದ ಮಿತಿಗಳು

ಸುತ್ತಲಿನ ಬೆಟ್ಟದ ಕೋಟೆಗಳೆಲ್ಲವೂ ಮೊಘಲರ ಕೈಯಲ್ಲಿರಲಿಲ್ಲ. ಏಕಶಿಲಾ ಬೆಟ್ಟದ ಮಧುಗಿರಿ ಕೋಟೆಯನ್ನು ಮೈಸೂರು 1678ರಲ್ಲಿಯೇ ಗೆದ್ದುಕೊಂಡಿತ್ತು. ಕೊರಟಗೆರೆ ಹಾಗೂ ಪಾವಗಡಗಳಲ್ಲಿ ಸ್ಥಳೀಯ ಪಾಳೆಯಗಾರರು ಪ್ರಬಲರಾಗಿದ್ದರು. 1695ರಲ್ಲಿ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯು ಖಾಸಿಂ ಖಾನನ ಸೈನ್ಯವನ್ನು ಇಂದಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಮುತ್ತಿದನು. ಕೋಟೆಯೊಳಗೆ ಆಹಾರ ಮುಗಿದು ಸೈನಿಕರು ಹಸಿವಿನಿಂದ ಕಂಗೆಟ್ಟರು. ಖಾಸಿಂ ಖಾನನು ಅಲ್ಲಿಯೇ ಮೃತಪಟ್ಟನು. ಉಳಿದವರು ಹಣ ತೆತ್ತು ಬಿಡುಗಡೆ ಪಡೆದರು.

ಏಳಿಗೆ ಮತ್ತು ಅವನತಿ

ದಿಲಾವರ್ ಖಾನನ ದೀರ್ಘ ಆಡಳಿತದಲ್ಲಿ ಶಿರಾ ಅತ್ಯಂತ ಏಳಿಗೆ ಹೊಂದಿತು. ಆಗ ಪಟ್ಟಣದಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಹೇಳಲಾಗುತ್ತದೆ. ಅವನ ಅರಮನೆಯು ಬೆಂಗಳೂರು ಹಾಗೂ ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂಬ ಅಭಿಪ್ರಾಯವಿದೆ. ಆದರೆ ಔರಂಗಜೇಬನ ಮರಣಾನಂತರ (1707) ದೆಹಲಿಯ ಹಿಡಿತ ಸಡಿಲಗೊಂಡಿತ್ತು. 1757ರಲ್ಲಿ ಮರಾಠರು ಶಿರಾವನ್ನು ಗೆದ್ದು, ಎರಡು ವರ್ಷಗಳ ನಂತರ ಹಿಂದಿರುಗಿಸಿದರು. 1761ರಲ್ಲಿ ಹೈದರಾಲಿಯು ಬಸಾಲತ್ ಜಂಗನ ಜೊತೆಗೂಡಿ ಇದನ್ನು ವಶಪಡಿಸಿಕೊಂಡು, ಅವನಿಂದ ಶಿರಾದ ನವಾಬನೆಂಬ ಬಿರುದನ್ನು ಪಡೆದನು. 1766ರಲ್ಲಿ ಪಟ್ಟಣವು ಪುನಃ ಮರಾಠರ ಕೈಸೇರಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು.

ಪರಿಣಾಮಗಳು

ಪದೇ ಪದೇ ನಡೆದ ಮುತ್ತಿಗೆಗಳಿಂದ ಜನಜೀವನವು ಅಸ್ತವ್ಯಸ್ತಗೊಂಡಿತು. ಟಿಪ್ಪುವಿನ ಕಾಲದಲ್ಲಿ ಶಿರಾದ ಹನ್ನೆರಡು ಸಾವಿರ ಕುಟುಂಬಗಳನ್ನು ಶ್ರೀರಂಗಪಟ್ಟಣದ ಸಮೀಪದ ಗಂಜಾಮಿಗೆ ಬಲವಂತವಾಗಿ ಸ್ಥಳಾಂತರಿಸಲಾಯಿತೆಂದು ಗೆಜೆಟಿಯರ್‌ಗಳು ದಾಖಲಿಸಿವೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರನು ಮಧುಗಿರಿ ಕೋಟೆಯಲ್ಲಿ ಸೆರೆಯಲ್ಲಿಟ್ಟಿದ್ದನು. 1767ರಲ್ಲಿ ಮರಾಠರು ಕೋಟೆಯನ್ನು ಗೆದ್ದಾಗ ಆಕೆಗೆ ಬಿಡುಗಡೆಯಾಯಿತು.

ಇಂದಿನ ಸ್ಥಿತಿ

ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಹಾಗೂ ಕೋಟೆಯ ಅವಶೇಷಗಳು ಶಿರಾದಲ್ಲಿ ಉಳಿದಿವೆ. ದಿಲಾವರ್ ಖಾನನ ಅರಮನೆ ಈಗ ಉಳಿದಿಲ್ಲ.